ಉಳಿದದ್ದೆಲ್ಲ ಅಲ್ಯೂಮಿನಾ

ನಿವೃತ್ತಿಯಾದ ಮೇಲೆ ನನ್ನನ್ನು ಕರೆದು ಶಾಲು ಹೊದಿಸಿದ ಕಡೆಯಲ್ಲೆಲ್ಲ ಒಂದೇ ಭಾಷಣ ಕೇಳಿದ್ದೇನೆ. ಆಗಿನ ಕಾಲದಲ್ಲಿ ಯಂತ್ರವಿರಲಿಲ್ಲ, ಕಲ್ಲನ್ನು ಕೈಯಲ್ಲೇ ಪುಡಿ ಮಾಡಿ, ಕರಗಿಸಿ, ಸೋಸಿ, ತೂಗಿ ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಹೇಳುತ್ತಿದ್ದರು. ಅಷ್ಟಾದರೂ ಎಲ್ಲವನ್ನೂ ಕೂಡಿದರೆ ಒಟ್ಟು ನೂರಕ್ಕೆ ನೂರು ಬರುತ್ತಿತ್ತು. ಅಂಥ ನಿಷ್ಠೆ ಈಗಿನವರಿಗೆಲ್ಲಿದೆ? ಸಭೆ ಚಪ್ಪಾಳೆ ತಟ್ಟುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮುಂದಿನ ಸಾಲಿನಲ್ಲಿ ಕೂತು ತಲೆ ತಗ್ಗಿಸುತ್ತಾರೆ. ನನಗೆ ಸುಸ್ತಾಗುತ್ತದೆ.

ಭಾಷಣದಲ್ಲಿ ಹೇಳುವ ಸಂಗತಿಗಳೇನೋ ನಿಜ. ಯಂತ್ರವಿರಲಿಲ್ಲ. ಒಟ್ಟು ನೂರು ಬರುತ್ತಿತ್ತು. ಅದರಿಂದಾಗಿ ನಮ್ಮ ಲೆಕ್ಕ ಸರಿಯಾಗಿತ್ತು ಎಂದು ತೀರ್ಮಾನಿಸುತ್ತಾರಲ್ಲ, ನನ್ನ ತಕರಾರು ಅಲ್ಲಿ. ಮದುವೆಮನೆಯಲ್ಲಿ ನೂರು ಎಲೆ ಹಾಕಿ ನೂರು ಜನ ಕೂತರೆ ಎಲೆಯ ಲೆಕ್ಕ ಸರಿಹೋಯಿತು. ಕೂತವರೆಲ್ಲ ಕರೆದವರೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಈ ಮಾತು ನಾನು ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಹೇಳಿದ್ದೆ. ಆಗ ಬಿಸಿಯಾಗಿ ಹೇಳಿದ್ದೆ. ಈಗ ಹೇಳುವಷ್ಟರಲ್ಲಿ ಗಂಟಲು ಒಣಗುತ್ತದೆ. ಆದರೂ ಈ ವೃತ್ತಿಗೆ ಬರುವವರು ಶಾಲಿನ ಭಾಷಣವನ್ನಷ್ಟೇ ಕೇಳಿಕೊಂಡು ಬರಬಾರದು ಎಂದು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದ ಕೆಲವು ವರ್ಷಗಳಿಗೆ ನಾನು ಮೈಸೂರಿನ ಒಂದು ಸರ್ಕಾರಿ ಪ್ರಯೋಗಶಾಲೆಯಲ್ಲಿ ಸಹಾಯಕ ರಸಾಯನಜ್ಞೆಯಾಗಿ ಸೇರಿದೆ. ಕಲ್ಲು, ಅದಿರು, ಮಣ್ಣುಗಳ ವಿಶ್ಲೇಷಣೆ ನಮ್ಮ ಕೆಲಸ. ಹಳೆಯ ಬಂಗಲೆ; ಊಟದ ಕೋಣೆಯಾಗಿದ್ದಲ್ಲಿ ಆಸಿಡ್ ಕುದಿಯುತ್ತಿತ್ತು, ಪೂಜೆಯ ಕೋಣೆಯಾಗಿದ್ದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಮಿಕಲ್ ತಕ್ಕಡಿ ಇತ್ತು. ತಕ್ಕಡಿ ಅಲುಗಬಾರದೆಂದು ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ, ಬೇಸಗೆಯಲ್ಲೂ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ಪರ ಬೇಕಾದರೆ ಪರ, ವಿರೋಧ ಬೇಕಾದರೆ ವಿರೋಧ. ಎದುರಿನವರ ವಾದದಲ್ಲಿ ಎಲ್ಲಿ ಕೀಲು ಸಡಿಲವಾಗಿದೆ ಎಂದು ಹುಡುಕುವುದೇ ನನ್ನ ಸಂತೋಷ. ಪ್ರಯೋಗಶಾಲೆಯ ಮುಖ್ಯಸ್ಥರಾದ ಶ್ರೀಕಂಠಯ್ಯನವರಿಗೆ ಇದನ್ನು ಯಾರೋ ಮೊದಲೇ ಹೇಳಿದ್ದರು. ಚಾಮರಾಜಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ಮಡಿ ಪಂಚೆಯಷ್ಟೇ ಶುಭ್ರವಾಗಿ ಬೀಕರ್ ತೊಳೆಯುತ್ತಿದ್ದ ಮನುಷ್ಯ. ಮೊದಲ ದಿನವೇ ಅಂದರು:

"ನೋಡಮ್ಮ ಲಲಿತಾ, ಇಲ್ಲಿ ಬಾಯಿಗೆ ಕೆಲಸ ಕಮ್ಮಿ. ಕಲ್ಲು ಎದುರುತ್ತರ ಕೊಡಲ್ಲ."

"ಕೊಡಲ್ಲ ಸಾರ್, ಅದಕ್ಕೇ ಅದರ ಪರವಾಗಿ ಯಾರಾದ್ರೂ ಮಾತಾಡ್ಬೇಕಲ್ಲ?"

ಅವರು ನಗಲಿಲ್ಲ. ಒಂದು ವಾರ ನನಗೆ ಫಿಲ್ಟರ್ ಪೇಪರ್ ಮಡಿಸುವ ಕೆಲಸ ಕೊಟ್ಟರು.

ನಮ್ಮ ನಂಬಿಕೆಗಳು ಹೇಗಿದ್ದವು ಎನ್ನುವುದಕ್ಕೆ ಒಂದು ಪ್ರಸಂಗ. ಆಯುಧಪೂಜೆಯ ದಿನ ತಕ್ಕಡಿಗೆ, ಪ್ಲಾಟಿನಂ ಮೂಸೆಗಳಿಗೆ, ಕಲ್ಲು ಅರೆಯುವ ಅಗೇಟ್ ಒರಳಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವುದು ಪದ್ಧತಿ. ನಾನು ಸೇರಿದ ವರ್ಷ ದಸರಾ ಕಳೆದ ಮೇಲೆ ಬಂದ ಕಲ್ಲುಗಳಲ್ಲೆಲ್ಲ ಸುಣ್ಣದ ಅಂಶ ಒಂದಿಷ್ಟು ಜಾಸ್ತಿ ಬರತೊಡಗಿತು. ಅರಿಶಿನಕ್ಕೆ ಸುಣ್ಣ ಸೇರಿಸಿಯೇ ಕುಂಕುಮ ಮಾಡುವುದು. ಒರಳಿನ ಅಂಚಿನಲ್ಲಿ ಅದು ಮೆತ್ತಿಕೊಂಡಿತ್ತು. ಹೇಳಿದೆ. ಶ್ರೀಕಂಠಯ್ಯನವರು ಒರಳಿನ ಅಂಚನ್ನು ಬೆರಳಿನಿಂದ ಒರೆಸಿ ನೋಡಿ, "ಮುಂದಿನ ವರ್ಷದಿಂದ ಒರಳಿಗೆ ಬರೀ ಹೂವು" ಅಂದರು. ಹಳೆಯ ಫಲಿತಾಂಶಗಳನ್ನು ಮಾತ್ರ ತಿದ್ದಲಿಲ್ಲ. "ಕಳಿಸಿ ಆಯ್ತಲ್ಲಮ್ಮ" ಅಂದರು. ಕಳಿಸಿ ಆಗಿದ್ದನ್ನು ತಿದ್ದುವ ಪದ್ಧತಿ ನಮ್ಮಲ್ಲಿರಲಿಲ್ಲ. ಇದನ್ನು ನೀವು ನಗುತ್ತಾ ಓದಬಹುದು. ನಾನೂ ಆಗ ನಕ್ಕಿದ್ದೆ.

ಈಗ ಚಿಕ್ಕೇಗೌಡರ ವಿಷಯ. ಅವರು ನಮ್ಮ ಇಲಾಖೆಯದೇ ಭೂವಿಜ್ಞಾನಿ. ವರ್ಷದಲ್ಲಿ ಮುಕ್ಕಾಲು ಪಾಲು ಟೆಂಟಿನಲ್ಲಿ, ಉಳಿದದ್ದು ಕುಂಬಾರಕೊಪ್ಪಲಿನ ಬಾಡಿಗೆ ಮನೆಯಲ್ಲಿ. ಹೊಲದಲ್ಲಿ ಬೆಳೆದು ಕಾಲೇಜು ಕಂಡವರು. ಹೆಗ್ಗಡದೇವನಕೋಟೆ ಕಡೆಯ ಒಂದು ಗುಡ್ಡದಿಂದ ಕಪ್ಪು ಅಭ್ರಕ ತುಂಬಿದ ಪದರು ಪದರು ಕಲ್ಲುಗಳನ್ನು ಗೋಣಿಚೀಲದಲ್ಲಿ ತರುತ್ತಿದ್ದರು. ಆ ಕಲ್ಲು ಮೊದಲು ಏನಾಗಿತ್ತು ಎನ್ನುವುದೇ ಜಗಳ. ನಮ್ಮ ಡೈರೆಕ್ಟರು, ಮತ್ತು ಅವರಿಗೆ ಮೊದಲು ಆ ಕುರ್ಚಿಯಲ್ಲಿದ್ದವರು, ಅದು ಬೆಂಕಿಯಲ್ಲಿ ಕರಗಿ ಬಂದ ಲಾವಾ, ಆಮೇಲೆ ಭೂಮಿಯೊಳಗಿನ ಶಾಖ ಒತ್ತಡಗಳಿಗೆ ರೂಪ ಬದಲಿಸಿದೆ ಎನ್ನುತ್ತಿದ್ದರು. ಗೌಡರು ಅದು ಲಾವಾ ಅಲ್ಲವೇ ಅಲ್ಲ, ಹಳೆಯ ಸಮುದ್ರದ ತಳದ ಕೆಸರು ಎನ್ನುತ್ತಿದ್ದರು. ಕೆಸರೆಂದು ಸಾಬೀತಾದರೆ ಆ ಬೆಟ್ಟಸಾಲಿನ ನಕ್ಷೆಯನ್ನೇ ಹೊಸದಾಗಿ ಮಾಡಬೇಕು, ಆ ಕೆಲಸ ಗೌಡರಿಗೆ. ಆಗದಿದ್ದರೆ ಹೆಂಚಿನ ಜೇಡಿಮಣ್ಣಿನ ಸರ್ವೆಗೆ ವರ್ಗ. ಡೈರೆಕ್ಟರು ಇದನ್ನು ಮುಚ್ಚಿಟ್ಟು ಹೇಳಿರಲಿಲ್ಲ.

"ಕೆಸರು ಅಂತ ನಿಮಗೆ ಹೇಗೆ ಗೊತ್ತು ಗೌಡ್ರೇ?" ಅಂತ ಒಂದು ದಿನ ಕೇಳಿದೆ.

"ನಮ್ ಗದ್ದೆ ಬಯಲಲ್ಲಿ ನೀರು ಇಳುದ್ಮೇಲೆ ನೋಡಿದ್ದೀರಾ ಲಲಿತಮ್ಮೋರೆ? ಕೆಳುಗ್ ಮರ್ಳು, ಮೇಲ್ ಮೇಲುಕ್ಕೆ ನುಣ್ಣುಗೆ. ಈ ಕಲ್ಲೂ ಅಂಗೇ ಐತೆ. ಒಂದ್ಕಡೆ ದಪ್ಪ, ಬತ್ತಾ ಬತ್ತಾ ನುಣ್ಣುಗೆ."

"ಅದು ಹೋಲಿಕೆ ಆಯ್ತು. ಸಾಕ್ಷಿ?"

"ನೀವ್ ಚರ್ಚೆ ಮಾಡೋರು, ನಿಮಗ್ಯಾಕೆ ಬುಡಿ. ಸಾಕ್ಷಿ ನಿಮ್ ಶ್ರೀಕಂಠಯ್ಯೋರು ಕೊಡ್ತವ್ರೆ."

ಆ ಸಾಕ್ಷಿ ಏನೆಂದು ಹೇಳಿಬಿಡುತ್ತೇನೆ. ಬಂಡೆ ಮಳೆಗಾಳಿಗೆ ಕೊಳೆತಾಗ ಅದರೊಳಗಿನ ಸೋಡಾ, ಎಂದರೆ ಸೋಡಿಯಂ ಅಂಶ, ಮತ್ತು ಸುಣ್ಣ ನೀರಿನಲ್ಲಿ ಕರಗಿ ಹೊರಟುಹೋಗುತ್ತವೆ. ಪೊಟ್ಯಾಸಿಯಂ ಅಂಶವಾದ ಪೊಟ್ಯಾಷ್ ಬಹುಪಾಲು ಜೇಡಿಗೆ ಅಂಟಿಕೊಳ್ಳುತ್ತದೆ. ಬಂಡೆಯಲ್ಲಿ ಇವು ಮೂರರ ಜೊತೆ ಕಟ್ಟಿಕೊಂಡಿದ್ದ ಅಲ್ಯೂಮಿನಾ, ಎಂದರೆ ಜೇಡಿಯ ಸತ್ವ, ಎಲ್ಲಿಗೂ ಹೋಗುವುದಿಲ್ಲ. ಹೀಗಾಗಿ ಕೆಸರಿನಲ್ಲಿ ಅಲ್ಯೂಮಿನಾ, ಜೊತೆಗಾರರಿಲ್ಲದೆ ಮಿಕ್ಕಿರುತ್ತದೆ. ಆ ಕೆಸರು ಆಳಕ್ಕೆ ಹೂತು, ಬೆಂದು, ಒತ್ತಡಕ್ಕೆ ಸಿಕ್ಕಿ ಹೊಳೆಯುವ ಅಭ್ರಕದ ಕಲ್ಲಾದರೂ, ನೀರಿನಂಥ ಹಾರಿಹೋಗುವ ಅಂಶ ಬಿಟ್ಟರೆ, ಒಟ್ಟು ಸಂಯೋಜನೆ ಹೆಚ್ಚುಕಡಿಮೆ ಹಳೆಯದೇ ಇರುತ್ತದೆ. ವೇಷ ಬದಲಾದರೂ ಮೈ ಅದೇ. ಆದ್ದರಿಂದ ಕಲ್ಲಿನಲ್ಲಿ ಅಲ್ಯೂಮಿನಾ ಮಿಕ್ಕಿದೆ ಎಂದು ತೋರಿಸಿದರೆ ಅದು ಕೆಸರಿನ ಮಗು ಎಂದು ವಾದಿಸಬಹುದು. ಗೌಡರ ಕಲ್ಲುಗಳಲ್ಲಿ ಸ್ವಲ್ಪವೇ ಮಿಕ್ಕಿತ್ತು. ಆದರೆ ಎಲ್ಲದರಲ್ಲೂ ಮಿಕ್ಕಿತ್ತು. ಶ್ರೀಕಂಠಯ್ಯನವರ ಸಹಿ, ಒಟ್ಟು ನೂರು.

ಅಲ್ಯೂಮಿನಾವನ್ನು ನಾವು ಕಂಡುಹಿಡಿಯುತ್ತಿದ್ದ ರೀತಿಯನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅದನ್ನು ನಾವು ಕಂಡುಹಿಡಿಯುತ್ತಲೇ ಇರಲಿಲ್ಲ. ಕಲ್ಲಿನ ಪುಡಿಯನ್ನು ಬಟ್ಟೆ ಒಗೆಯುವ ಸೋಡಾದಂಥ ಶುದ್ಧ ಸೋಡಾಪುಡಿಯ ಜೊತೆ ಕಾಯಿಸಿ ಕರಗಿಸಿ, ಆಸಿಡ್ ಹಾಕಿ, ಹಬೆಯ ಮೇಲೆ ಪೂರ್ತಿ ಒಣಗಿಸಿದರೆ ಸಿಲಿಕಾ, ಎಂದರೆ ಮರಳಿನ ಸತ್ವ, ಬಿಳಿಯ ಗಸಿಯಾಗಿ ಉಳಿಯುತ್ತದೆ. ಅದನ್ನು ಸೋಸಿ ತೂಗುವುದು. ಸೋಸಿದ ನೀರಿಗೆ ಅಮೋನಿಯಾ ಹಾಕಿದರೆ ಕಬ್ಬಿಣ, ಟೈಟಾನಿಯಂ, ಅಲ್ಯೂಮಿನಾ ಮೊದಲಾದವು ಒಟ್ಟಿಗೆ ಕೆಳಗೆ ಕೂರುತ್ತವೆ. ಅದನ್ನು ಸುಟ್ಟು ತೂಗುವುದು. ಕಬ್ಬಿಣ, ಟೈಟಾನಿಯಂ ಎಷ್ಟೆಂದು ಬೇರೆ ಚಿಟಿಕೆ ಪುಡಿಯಿಂದ ಕಂಡುಕೊಂಡು ಕಳೆಯುವುದು. ಉಳಿದದ್ದೆಲ್ಲ ಅಲ್ಯೂಮಿನಾ. ದಾರಿಯಲ್ಲಿ ಯಾರು ಯಾರು ಹತ್ತಿಕೊಂಡಿದ್ದರೂ ಸರಿ, ಕೊನೆಯಲ್ಲಿ ಅವರಿಗೆಲ್ಲ ಅದೇ ಹೆಸರು.

ಒಂದು ದಿನ ಗೌಡರ ಕಲ್ಲಿನಲ್ಲಿ ಕಬ್ಬಿಣ ನೋಡಲು ಇಟ್ಟಿದ್ದ ಪುಡಿ ನನ್ನ ಕೈ ಮೀರಿ ಚೆಲ್ಲಿತು. ಅರೆದ ಪುಡಿ ಬೇರೆ ಇರಲಿಲ್ಲ. ಪುಸ್ತಕದಲ್ಲಿ ಇನ್ನೊಂದು ದಾರಿ ಇದೆಯಲ್ಲ ಎಂದು, ಸುಟ್ಟು ತೂಗಿಟ್ಟಿದ್ದ ಕಬ್ಬಿಣ, ಅಲ್ಯೂಮಿನಾಗಳ ಆ ಕೆಂಪು ಮಿಶ್ರಣವನ್ನೇ ಮತ್ತೆ ಕರಗಿಸಿದೆ. ಪೂರ್ತಿ ಕರಗಿ ತಿಳಿಯಾಗಬೇಕಿತ್ತು. ಆಗಲಿಲ್ಲ. ಬೀಕರಿನ ತಳದಲ್ಲಿ ಬಿಳಿ ಎಳೆ ಎಳೆಯಾಗಿ ಏನೋ ತೇಲಾಡುತ್ತಿತ್ತು, ಒಡೆದ ಹಾಲಿನ ಹಾಗೆ. ಒಂದಿಷ್ಟನ್ನು ಸೋಸಿ ಪರೀಕ್ಷಿಸಿದೆ. ಸಿಲಿಕಾ.

ಮೊದಲ ಸಲ ಒಣಗಿಸಿದಾಗ ಸಿಲಿಕಾ ಎಲ್ಲವೂ ಬರುವುದಿಲ್ಲ. ಸೋಸಿದ ನೀರನ್ನು ಎರಡನೆಯ ಸಲ ಒಣಗಿಸಬೇಕು. ಒಣಗಿಸದಿದ್ದರೆ ತಪ್ಪಿಸಿಕೊಂಡ ಸಿಲಿಕಾ ಮುಂದೆ ಹೋಗಿ ಅಲ್ಯೂಮಿನಾ ಎಂಬ ಹೆಸರಿನಲ್ಲಿ ಕೂರುತ್ತದೆ. ಅಲ್ಲಿ ಎಷ್ಟು ಕಡಿಮೆಯೋ ಇಲ್ಲಿ ಅಷ್ಟೇ ಹೆಚ್ಚು. ಒಟ್ಟು? ಒಟ್ಟು ಅದೇ ನೂರು. ಶಾಲಿನ ಭಾಷಣದ ನೂರು.

ಶ್ರೀಕಂಠಯ್ಯನವರ ಮುಂದೆ ಬೀಕರ್ ಇಟ್ಟೆ.

"ಸಾರ್, ಎರಡನೇ ಸಲ ಒಣಗಿಸ್ತೀವಾ ನಾವು?"

ಅವರು ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು. "ಮೊದಲು ಒಣಗಿಸ್ತಿದ್ದೆ."

"ಈಗ?"

"ಒಂದು ಕಲ್ಲಿಗೆ ಇನ್ನೊಂದು ದಿನ ಹಿಡಿಯುತ್ತೆ ಕಣಮ್ಮ. ತಿಂಗಳಿಗೆ ಎಷ್ಟು ಕಲ್ಲು ಮುಗಿಸಿದ್ರಿ ಅಂತ ಮೇಲಿನವರು ಕೇಳ್ತಾರೆ. ಎಷ್ಟು ಸಲ ಒಣಗಿಸಿದ್ರಿ ಅಂತ ಯಾರೂ ಕೇಳಿಲ್ಲ. ನೀನೇ ಮೊದಲನೆಯವಳು."

"ಹಾಗಾದ್ರೆ ಗೌಡ್ರ ಅಲ್ಯೂಮಿನಾ..."

"ಎರಡು ಕಲ್ಲು ಸರಿಯಾಗಿ ಮಾಡಿ ನೋಡು. ಬಿಡುವಿದ್ದಾಗ."

ಅವರು ಸುಳ್ಳುಗಾರರಾಗಿರಲಿಲ್ಲ. ದಣಿದಿದ್ದರು. ಇವೆರಡರ ನಡುವಿನ ವ್ಯತ್ಯಾಸ ಆಗ ನನಗೆ ಕಾಣುತ್ತಿರಲಿಲ್ಲ. ಮುಂದೆ ಅದೇ ಕುರ್ಚಿಯಲ್ಲಿ ಕೂತಾಗ ಕಂಡಿತು.

ಬಿಡುವು ಮಾಡಿಕೊಂಡು ಎರಡು ಕಲ್ಲುಗಳನ್ನು ಎರಡೆರಡು ಸಲ ಒಣಗಿಸಿ ಮಾಡಿದೆ. ಅಲ್ಯೂಮಿನಾ ಇಳಿಯಿತು. ಬಹಳವೇನಲ್ಲ, ಆದರೆ ಗೌಡರು ನಿಂತಿದ್ದದ್ದೇ ಆ ಅಷ್ಟರ ಮೇಲೆ. ಮಿಕ್ಕಿದ್ದು ಮಿಕ್ಕದಂತಾಯಿತು.

ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೆ. ಅಲ್ಯೂಮಿನಾ ಮಿಕ್ಕಿದೆಯೋ ಇಲ್ಲವೋ ಎಂದು ಹೇಳಲು ಸೋಡಾ ಎಷ್ಟು, ಪೊಟ್ಯಾಷ್ ಎಷ್ಟು ಎಂದು ಬೇರೆ ಬೇರೆಯಾಗಿ ಗೊತ್ತಿರಬೇಕು. ತೂಕಕ್ಕೆ ತೂಕ ನೋಡಿದರೆ ಸೋಡಾ ಹೆಚ್ಚು ಅಲ್ಯೂಮಿನಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಷ್ ಕಡಿಮೆ. ನಾವು ಎರಡನ್ನೂ ಒಟ್ಟಿಗೆ ತೂಗಿ, ಅರ್ಧ ಇದು ಅರ್ಧ ಅದು ಎಂದು ಬರೆದುಬಿಡುತ್ತಿದ್ದೆವು. ಬೇರ್ಪಡಿಸಲು ಪ್ಲಾಟಿನಂನ ಲವಣ ಬೇಕು. ಕೇಳಿದೆ. "ಅದು ಬಂಗಾರಕ್ಕಿಂತ ಮೇಲು, ಕಲ್ಲಿಗೆ ಸುರಿಯೋಕೆ ಯಾರು ಕೊಡ್ತಾರೆ?" ಅಂದರು ಶ್ರೀಕಂಠಯ್ಯನವರು. ವಿಷಯ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಗೌಡರು ತಮ್ಮ ವಾದವನ್ನು ಡೈರೆಕ್ಟರ ಮುಂದೆ, ಇಲಾಖೆಯವರೂ ಕಾಲೇಜಿನ ಅಧ್ಯಾಪಕರೂ ಸೇರುವ ಸಭೆಯಲ್ಲಿ ಓದುವುದೆಂದು ಗೊತ್ತಾಗಿತ್ತು. ಹಿಂದಿನ ದಿನ ಜಗಲಿಯಲ್ಲಿ ಚಾರ್ಟುಗಳನ್ನು ಸುರುಳಿ ಸುತ್ತುತ್ತಿದ್ದರು. ನನಗೆ ಎರಡು ದಾರಿ ಇತ್ತು ಎಂದು ಕೆಲವರು ಆಮೇಲೆ ಹೇಳಿದರು: ಸುಮ್ಮನಿರುವುದು, ಅಥವಾ ಸಭೆ ಮುಗಿದ ಮೇಲೆ ಹೇಳುವುದು. ಇವೆರಡೂ ದಾರಿಗಳೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಹೋಗಿ ಹೇಳಿದೆ. ಬಿಳಿ ಎಳೆಗಳಿದ್ದ ಬೀಕರನ್ನೂ ತೋರಿಸಿದೆ.

ಗೌಡರು ಬಗ್ಗಿ ನೋಡಿದರು. ಬೆಳಕಿಗೆ ಹಿಡಿದು ಅಲ್ಲಾಡಿಸಿದರು.

"ಇದಾ ನನ್ ಅಲ್ಯೂಮಿನಾ?"

"ಅದರಲ್ಲಿ ಒಂದು ಪಾಲು."

"ಅಂಗಾದ್ರೆ ಲಾವಾನಾ?"

"ನಾನು ಹಾಗೆ ಹೇಳ್ತಿಲ್ಲ ಗೌಡ್ರೇ. ಚೆನ್ನಾಗಿ ಕೇಳಿಸ್ಕೊಳ್ಳಿ. ಕೆಸರು ಅಂತ ಸಾಬೀತಾಗಿಲ್ಲ. ಕೆಸರಲ್ಲ ಅಂತಾನೂ ಸಾಬೀತಾಗಿಲ್ಲ. ಸೋಡಾ, ಪೊಟ್ಯಾಷ್ ಬೇರೆ ಮಾಡೋವರೆಗೂ ಈ ಕಡೆ ಆ ಕಡೆ ಯಾರೂ ಏನೂ ಹೇಳೋಹಾಗಿಲ್ಲ. ನಾಳೆ ಅಷ್ಟನ್ನೇ ಹೇಳಿ. ಸಮಯ ಕೇಳಿ."

"ಸಮಯ!" ಎಂದು ನಕ್ಕರು. "ನೀವ್ ಸಭೇಲಿ ಸೋತಿದ್ದೀರಾ ಯಾವತ್ತಾದ್ರೂವೆ?"

"ಎಷ್ಟೋ ಸಲ."

"ಸೋತ್ ಮಾರ್ನೇ ದಿನ ಏನ್ ಮಾಡ್ತಿದ್ರಿ?"

"ಇನ್ನೊಂದು ಸ್ಪರ್ಧೆಗೆ ಹೆಸರು ಕೊಡ್ತಿದ್ದೆ."

"ಊಂ. ಅದ್ ನಿಮಗೆ" ಅಂದರು.

ಮರುದಿನ ಕಾಲೇಜಿನ ಸಭಾಂಗಣದಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಗೌಡರು ಗುಡ್ಡದ ನಕ್ಷೆ ತೋರಿಸಿದರು, ಪದರುಗಳ ಚಿತ್ರ ತೋರಿಸಿದರು, ಬಹಳ ಚೆನ್ನಾಗಿ ಮಾತಾಡಿದರು. ನಾನು ತೀರ್ಪುಗಾರಳಾಗಿದ್ದರೆ ಬಹುಮಾನ ಕೊಡುತ್ತಿದ್ದೆ. ರಾಸಾಯನಿಕ ಕೋಷ್ಟಕದ ಚಾರ್ಟು ಬಂದಾಗ ಅದನ್ನು ಬಿಚ್ಚಲೇ ಇಲ್ಲ. "ಈ ಅಂಕಿಗಳಲ್ಲಿ ದೋಷವಿದೆ ಎಂದು ತಿಳಿದುಬಂದಿದೆ. ಇವುಗಳ ಮೇಲೆ ನಿಂತ ನನ್ನ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ" ಎಂದು ಬರೆದುಕೊಂಡು ಬಂದಿದ್ದನ್ನು ಓದಿದರು. ಯಾರ ದೋಷ ಎಂದು ಹೇಳಲಿಲ್ಲ. ಶ್ರೀಕಂಠಯ್ಯನವರು ನೆಲ ನೋಡುತ್ತಿದ್ದರು.

ಡೈರೆಕ್ಟರು ಮುಂದೆ ಬಾಗಿದರು. "ಅಂದ್ರೆ ಲಾವಾ ಅಂತ ಒಪ್ಪಿದ್ರಿ?"

"ಅದನ್ನೂ ಹೇಳೋಕಾಗಲ್ಲ ಸಾರ್. ಇನ್ನೂ ಪರೀಕ್ಷೆ..."

"ಮಿಸ್ಟರ್ ಚಿಕ್ಕೇಗೌಡ, ಅಂಕಿ ಇಲ್ಲದೆ ಕಲ್ಲಿನ ಜಾತಕ ಹೇಳೋದಾದ್ರೆ ಅದಕ್ಕೆ ಬೇರೆಯವರಿದಾರೆ."

ಸಭೆ ನಕ್ಕಿತು. ನಾನು ಎದ್ದು ನಿಂತೆ. "ಸಾರ್, ಸಾಬೀತಾಗದೇ ಇರೋದಕ್ಕೂ ಸುಳ್ಳಾಗೋದಕ್ಕೂ ವ್ಯತ್ಯಾಸ ಇದೆ. ಇದೇ ದೋಷ ನಿಮ್ಮ ಲಾವಾದ ಅಂಕಿಗಳಲ್ಲೂ ಇದೆ. ಎಲ್ಲವೂ ಇದೇ ಪ್ರಯೋಗಶಾಲೆಯಿಂದ ಬಂದದ್ದು." ಚರ್ಚಾಸ್ಪರ್ಧೆಯಾಗಿದ್ದರೆ ಅದು ಒಳ್ಳೆಯ ಏಟು. ಡೈರೆಕ್ಟರು ಕೈಗಡಿಯಾರ ನೋಡಿಕೊಂಡು, ಕಾಫಿ ಆರುತ್ತಿದೆ ಎಂದರು. ಎಲ್ಲರೂ ಎದ್ದರು. ಎದುರಾಳಿ ವಾದಿಸದೆ ಎದ್ದುಹೋದಾಗ ಏನು ಮಾಡಬೇಕೆಂದು ಕಾಲೇಜಿನಲ್ಲಿ ನನಗೆ ಯಾರೂ ಕಲಿಸಿರಲಿಲ್ಲ.

ಗೌಡರಿಗೆ ಜೇಡಿಮಣ್ಣಿನ ಸರ್ವೆಗೆ ವರ್ಗವಾಯಿತು. ನಮ್ಮಲ್ಲಿ ಎರಡನೆಯ ಸಲ ಒಣಗಿಸುವುದು ಮತ್ತೆ ಶುರುವಾಯಿತು. ಶ್ರೀಕಂಠಯ್ಯನವರೇ ಚೀಟಿ ಬರೆದು ಹಬೆಯ ಒಲೆಯ ಮೇಲೆ ಅಂಟಿಸಿದರು. ತಿಂಗಳ ಕಲ್ಲುಗಳ ಸಂಖ್ಯೆ ಇಳಿಯಿತು, ಮೇಲಿನಿಂದ ಮೆಮೊ ಬಂತು. ಅವರು ಅದಕ್ಕೆ ಉತ್ತರ ಬರೆಯದೆ ನಿವೃತ್ತಿಯವರೆಗೂ ಹಾಗೇ ನಡೆಸಿದರು. ಇದನ್ನು ಅವರ ಪರವಾಗಿ ಹೇಳಲೇಬೇಕು. ಅವರ ಬೀಳ್ಕೊಡುಗೆಯ ಭಾಷಣದಲ್ಲೂ ಒಟ್ಟು ನೂರು ಬರುತ್ತಿತ್ತೆಂದು ಯಾರೋ ಹೊಗಳಿದರು. ಶ್ರೀಕಂಠಯ್ಯನವರು ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದರು.

ಅರವತ್ತರ ದಶಕದ ನಡುವೆ ನಮಗೆ ಒಂದು ಹೊಸ ಯಂತ್ರ ಬಂತು, ಜ್ವಾಲೆಯ ಫೋಟೋಮೀಟರ್. ಕರಗಿಸಿದ ಕಲ್ಲಿನ ನೀರನ್ನು ಜ್ವಾಲೆಗೆ ಚಿಮುಕಿಸಿದರೆ ಸೋಡಾ ಎಷ್ಟು, ಪೊಟ್ಯಾಷ್ ಎಷ್ಟು ಎಂದು ಮುಳ್ಳು ತೋರಿಸುತ್ತದೆ. ಪ್ಲಾಟಿನಂ ಬೇಡ, ವಾರಗಟ್ಟಲೆ ಕಾಯುವುದು ಬೇಡ. ಅಲ್ಯೂಮಿನಾವನ್ನೂ ಬಣ್ಣದಿಂದ ನೇರವಾಗಿ ಅಳೆಯುವ ಕ್ರಮ ಬಂತು. ಉಳಿದದ್ದಕ್ಕೆಲ್ಲ ಆ ಹೆಸರಿಡುವ ಕಾಲ ಮುಗಿಯಿತು. ಆಗ ಮೇಲಿನಿಂದ ಒಂದು ಬೇಡಿಕೆ ಬಂತು. ಹೊಸದಾಗಿ ಬಂದ ಅಧಿಕಾರಿಯೊಬ್ಬರು ಹೆಗ್ಗಡದೇವನಕೋಟೆ ಕಡೆಯ ಅದೇ ಗುಡ್ಡದ ಕಲ್ಲುಗಳು ಕೆಸರಿನಿಂದ ಬಂದಿರಬಹುದೆಂಬ ಹೊಸ ವಿಚಾರ ಮಂಡಿಸುತ್ತಿದ್ದಾರೆ, ವಿಶ್ಲೇಷಣೆ ಬೇಕು, ಹಿಂದೆ ಇದರ ಬಗ್ಗೆ ಯಾರಾದರೂ ಹೇಳಿದ್ದರೆ ತಿಳಿಸಿ ಎಂದು.

ಮಾಡಿದೆ. ಅಲ್ಯೂಮಿನಾ ನಾನು ಎರಡು ಸಲ ಒಣಗಿಸಿ ಕಂಡಷ್ಟೇ ಇತ್ತು. ನನ್ನ ತಕರಾರು ಸರಿಯಾಗಿತ್ತು. ಆದರೆ ಸೋಡಾ ಇಲ್ಲವೆನ್ನುವಷ್ಟು ಕಡಿಮೆ, ಬಹುಪಾಲು ಪೊಟ್ಯಾಷ್. ಅರ್ಧ ಅರ್ಧ ಎಂಬ ನಮ್ಮ ಲೆಕ್ಕ ಬಿದ್ದುಹೋಯಿತು. ಪೊಟ್ಯಾಷ್ ಹಿಡಿದಿಟ್ಟುಕೊಳ್ಳುವುದು ಕಡಿಮೆಯಾದ್ದರಿಂದ, ಹೊಸದಾಗಿ ಕೂಡಿ ಕಳೆದರೆ ಆ ಇಳಿದ ಅಲ್ಯೂಮಿನಾದಲ್ಲೇ ಎಲ್ಲ ಕಲ್ಲಿನಲ್ಲೂ ಒಂದಿಷ್ಟು ಮಿಕ್ಕುತ್ತಿತ್ತು. ಪೊಟ್ಯಾಷ್ ಬಿಸಿಯಲ್ಲಿ ಅಲೆದಾಡಿ ಸೇರಿಕೊಂಡಿರಬಹುದಲ್ಲ ಎಂದು ನನ್ನೊಳಗಿನ ಹಳೆಯ ಹುಡುಗಿ ಕೇಳಿದಳು. ಅಷ್ಟೂ ಕಲ್ಲಿನಲ್ಲಿ, ಅಷ್ಟೇ ಅಚ್ಚುಕಟ್ಟಾಗಿಯೇ? ನನಗೆ ಎದುರುವಾದ ಸಿಗಲಿಲ್ಲ. ಹುಡುಕುವ ಶಕ್ತಿಯೂ ಇರಲಿಲ್ಲ.

ಆ ವಾರವೇ ಗೌಡರು ಜೇಡಿಮಣ್ಣಿನ ಚೀಲ ತೆಗೆದುಕೊಂಡು ಪ್ರಯೋಗಶಾಲೆಗೆ ಬಂದರು. ಕೂದಲು ನೆರೆತಿತ್ತು, ಷರ್ಟಿನ ಜೇಬಿನವರೆಗೂ ಬಿಳಿ ಧೂಳು. ಫಲಿತಾಂಶ ತೋರಿಸಿದೆ. ಅವರು ನಿಂತೇ ಓದಿದರು.

"ಓ, ಕೆಸ್ರೇ ಅನ್ನಿ" ಅಂದರು, ಬೇರೆ ಯಾರದೋ ಊರಿನ ಸುದ್ದಿ ಕೇಳಿದವರ ಹಾಗೆ.

"ಕೆಸರೇ."

"ಮತ್ತೆ ಅವತ್ತು ನೀವು..."

"ಅವತ್ತು ನಾನು ಹೇಳಿದ್ದೂ ಸರಿ ಗೌಡ್ರೇ. ಆ ಸಾಕ್ಷಿ ನಿಲ್ತಿರ್ಲಿಲ್ಲ."

"ಸರಿ ಅಂತ್ಲೇ ಹಿಂದಕ್ ತಗಂಡಿದ್ದು. ನಿಮ್ಮೇಲೆ ನಂಗೇನೂ ಇಲ್ಲ ಬುಡಿ." ಫಲಿತಾಂಶದ ಹಾಳೆಯನ್ನು ನನ್ನ ಮೇಜಿನ ಮೇಲೆ ನೇರವಾಗಿ ಜೋಡಿಸಿಟ್ಟರು. "ಈಗಿನ್ ಸಾಹೇಬ್ರು ಯಾರೋ ಓದೋರಂತೆ. ಓದ್ಲಿ. ನನ್ ಮಣ್ಣು ಯಾವತ್ತಾಯ್ತದೆ ಯೋಳಿ."

ನನ್ನ ಮುಂದೆ ಮೇಲಿನಿಂದ ಬಂದ ಪ್ರಶ್ನೆ ಇತ್ತು: ಹಿಂದೆ ಯಾರಾದರೂ ಹೇಳಿದ್ದರೇ? ಚರ್ಚೆಯ ನಿಯಮದಂತೆ, ಹಿಂದಕ್ಕೆ ತೆಗೆದುಕೊಂಡ ಮಾತನ್ನು ಆಡಿದವರ ಹೆಸರಿಗೆ ಬರೆಯುವಂತಿಲ್ಲ. ಆಡಿದವರೇ ಅದನ್ನು ಮತ್ತೆ ತಮ್ಮದೆನ್ನಬೇಕು. ಗೌಡರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಖಾಲಿ ಚೀಲ ಮಡಿಸುತ್ತಿದ್ದರು. ಪೆನ್ನಿನ ಮುಚ್ಚಳ ತೆಗೆದು ಕೇಳಿದೆ. ಅವರು ಚೀಲದ ಧೂಳು ಕೊಡವಿ ಇನ್ನೊಂದು ಮಡಿಕೆ ಹಾಕಿದರು. ಚೀಲ ಪೂರ್ತಿ ಮಡಿಸಿ ಆಗುವವರೆಗೂ ಕಾದು ಮತ್ತೊಂದು ಸಲ ಕೇಳಿದೆ:

"ಗೌಡ್ರೇ, ಇದು ಕೆಸರು ಅಂತ ಮೊದಲು ಹೇಳಿದ್ದು ಯಾರು ಅಂತ ಬರೀಲಿ?"